ಏಣಿ ಮರಳಿ ಬಂದ ವಾರ

ಒಗೆದ ಬಟ್ಟೆಗಳನ್ನು ಹಗ್ಗಕ್ಕೆ ಹಾಕುವಾಗ ಎಲೆರಿ ಗಂಡನ ಕಾಲುಚೀಲಗಳಿಂದಲೇ ಶುರು ಮಾಡುವುದು. ಮನೆಯಲ್ಲಿ ಎಲ್ಲಕ್ಕಿಂತ ತಡವಾಗಿ ಒಣಗುವವು ಅವೇ. ಆ ಸೋಮವಾರ ಅಪರೂಪಕ್ಕೆ ಒಣಗಾಳಿ ಬೀಸುತ್ತಿತ್ತು. ಪಶ್ಚಿಮ ವೇಲ್ಸಿನ ಆ ಕಣಿವೆಯಲ್ಲಿ ಫೆಬ್ರವರಿ ತಿಂಗಳ ಒಣಗಾಳಿಯನ್ನು ಯಾರೂ ವ್ಯರ್ಥ ಮಾಡುವುದಿಲ್ಲ. ಎರಡನೆಯ ಕಾಲುಚೀಲಕ್ಕೆ ಕ್ಲಿಪ್ಪು ಸಿಕ್ಕಿಸುವಷ್ಟರಲ್ಲಿ ಅಡುಗೆಮನೆಯ ಫೋನು ಬಡಿದುಕೊಂಡಿತು. ಅವಳು ಕೈ ಒರೆಸಿಕೊಳ್ಳುವ ಮೊದಲೇ ಗಂಡ ಇದ್ವಾಲ್ ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಏನೂ ಇಲ್ಲದೆ ಅಂಗಳ ದಾಟಿ ಒಳಗೆ ಓಡಿದ.

ಹೊರಗೆ ಬಂದಾಗ ಅವನ ಮುಖ ಬೂದು ಕಾಲುಚೀಲದ ಬಣ್ಣಕ್ಕೆ ತಿರುಗಿತ್ತು.

"ಪೊಲೀಸ್ ಕಚೇರಿಯಿಂದ," ಅಂದ. "ಬಂದೂಕಿನ ಲೈಸೆನ್ಸು ನವೀಕರಣಕ್ಕೆ ಗುರುವಾರ ಒಬ್ಬರು ಬರ್ತಾರಂತೆ."

"ಬರಲಿ ಬಿಡು. ಐದು ವರ್ಷಕ್ಕೊಂದು ಸಲ ಬರೋರೇ ತಾನೆ."

"ಬಂದೂಕಿಡೋ ಬೀರು ನೋಡ್ತಾರಂತೆ. ಆಮೇಲೆ..." ಇದ್ವಾಲ್ ದನಿ ತಗ್ಗಿಸಿದ. ಸುತ್ತ ಕುರಿಗಳ ಹೊರತು ಯಾರೂ ಇರಲಿಲ್ಲ. "ಆಮೇಲೆ ನನ್ನ ಜೊತೆ ಸ್ವಲ್ಪ ಮಾತಾಡೋದಿದೆಯಂತೆ."

ಇದ್ವಾಲ್ ನರಿಗೆ ಹೆದರಿದವನಲ್ಲ, ಹೋರಿಗೆ ಹೆದರಿದವನಲ್ಲ. ಮಾತಿಗೆ ಮಾತ್ರ ಅವನಿಗೆ ಹುಟ್ಟಾ ಭಯ. ಹೋದ ಶರತ್ಕಾಲದಲ್ಲಿ ಸರ್ಕಾರದ ಪಶುವೈದ್ಯರು ಬಂದು, ಹಸುಗಳ ಕತ್ತಿಗೆ ಸೂಜಿ ಚುಚ್ಚಿ, ಕ್ಷಯರೋಗವಿದೆಯೆಂದು ಹೇಳಿ, ಇಡೀ ಹಿಂಡನ್ನು ಲಾರಿಯಲ್ಲಿ ಕಸಾಯಿಖಾನೆಗೆ ಸಾಗಿಸಿಬಿಟ್ಟಿದ್ದರು. ಅವನ ಅಜ್ಜನ ಕಾಲದಿಂದ ತಾಯಿಯಿಂದ ಮಗಳಿಗೆ ಬೆಳೆದು ಬಂದ ಹಿಂಡು. ಆ ದಿನವೂ ಲಾರಿಯವನು ಸಹಿ ಮಾಡಿಸಿಕೊಂಡು "ಬೇಜಾರಾಯ್ತು ಸ್ವಾಮಿ" ಅಂದದ್ದಕ್ಕೆ ಇದ್ವಾಲ್ ಹೇಳಿದ್ದು "ಪರವಾಗಿಲ್ಲ" ಎಂಬ ಒಂದೇ ಪದ. ಅಲ್ಲಿಂದೀಚೆಗೆ ಯಾರು ಏನು ಕೇಳಿದರೂ ಅದೇ ಪದ. ಕುರಿಗಳಿದ್ದವು, ಪರವಾಗಿಲ್ಲ. ಊಟ ಸೇರುತ್ತಿರಲಿಲ್ಲ, ಪರವಾಗಿಲ್ಲ. ಬೆಳಗಿನ ಜಾವ ಹಾಸಿಗೆಯಲ್ಲಿ ಅವನು ಮಲಗುವ ಕಡೆ ತಣ್ಣಗಿರುತ್ತಿತ್ತು. ಎಲೆರಿ ನಿದ್ದೆ ಬಂದವಳಂತೆ ಮಲಗಿದ್ದು, ಮೆಟ್ಟಿಲಮೇಲೆ ಅವನ ಹೆಜ್ಜೆ ಮರಳಿ ಬರುವತನಕ ಕಿವಿಗೊಟ್ಟಿರುತ್ತಿದ್ದಳು. ತಾನಾಗಿ ಹೇಳಲಿ ಎಂದು ಕಾಯುವುದು ಅವಳ ಸ್ವಭಾವ. ಕಾದು ಕಾದು ಚಳಿಗಾಲವೇ ಮುಗಿಯುತ್ತ ಬಂದಿತ್ತು.

"ಡಾಕ್ಟರ್ ಹತ್ರ ಹೋಗೋಣ ಅಂತ ಆವತ್ತೇ ಹೇಳಿದ್ದೆ," ಎಂದಳು.

"ಹೋದ್ರೆ ಡಾಕ್ಟರು ಪೊಲೀಸ್‌ನೋರಿಗೆ ಹೇಳ್ತಾರೆ. ಅವರು ಬಂದು ಅಜ್ಜನ ಬಂದೂಕು ಎತ್ಕೊಂಡು ಹೋಗ್ತಾರೆ. ಮುಂದಿನ ವಾರ ಕುರಿ ಈಯೋಕೆ ಶುರು. ನರಿಗೆ, ಕಾಗೆಗೆ ಏನು ತೋರಿಸ್ಲಿ, ನನ್ನ ಮುಖಾನಾ? ಅದೂ ಹೋಗಲಿ. ಬಂದೂಕು ಹೋದ ಮಾರನೇ ದಿನ ದನದ ಸಂತೇಲಿ ಎಲ್ಲರೂ ನನ್ನ ನೋಡಿ ಟೋಪಿ ಸರಿಮಾಡ್ಕೋತಾರೆ. ತಲೆ ಕೆಟ್ಟೋನು ಅಂತ."

ಹಸು ಹೋಯಿತು, ಇನ್ನು ಅಜ್ಜನ ಬಂದೂಕೂ ಹೋದರೆ ತನ್ನ ಬಳಿ ಉಳಿಯುವುದೇನು ಎಂಬ ಮಾತನ್ನು ಅವನು ಆಡಲಿಲ್ಲ. ಬರಿಗಾಲು ನೋಡಿಕೊಂಡು ನಿಂತ.

ಎಂಟು ವರ್ಷದ ಮಗಳು ನೆಸ್ಟ್ ಶಾಲೆಗೆ ರಜೆಯೆಂದು ಕಲ್ಲುಗೋಡೆಯ ಮೇಲೆ ಕುಳಿತಿದ್ದಳು. "ಅಪ್ಪಾ, ಒಂದು ಕೇಳ್ಲಾ?"

"ಗುರುವಾರ ಆದ್ಮೇಲೆ ಕೇಳು ಪುಟ್ಟಿ," ಅಂದ ಇದ್ವಾಲ್. ಬೂಟು ಹುಡುಕುತ್ತ ಹೋದ.

ಆ ಸಂಜೆಯಿಂದ ಮನೆಯಲ್ಲಿ ತಾಲೀಮು ಶುರುವಾಯಿತು. ಎಲೆರಿ ಒಣದ್ರಾಕ್ಷಿಯ ಕೇಕುಗಳನ್ನು ಕಾವಲಿಯ ಮೇಲೆ ಮಗುಚುತ್ತ ಪೊಲೀಸ್ ಅಧಿಕಾರಿಯಾಗಬೇಕಾಯಿತು.

"ನಿದ್ದೆ ಹೇಗಿದೆ ಸ್ವಾಮಿ?"

"ಬಹಳ ಚೆನ್ನಾಗಿದೆ. ಕಲ್ಲು ಬಿದ್ದ ಹಾಗೆ. ಧನ್ಯವಾದ." ಇದ್ವಾಲ್ ಎದೆ ಉಬ್ಬಿಸಿ ನಗಲು ನೋಡಿದ. ಒಲೆಯ ಪಕ್ಕ ಮಲಗಿದ್ದ ನಾಯಿ ಆ ನಗು ಕಂಡು ಎದ್ದು ಬೇರೆ ಕೋಣೆಗೆ ಹೋಯಿತು.

"ಹಾಗೆ ನಗಬೇಡ. ಬಂದೂಕು ಬಿಡು, ನಿನ್ನನ್ನೇ ಎತ್ಕೊಂಡು ಹೋಗ್ತಾರೆ."

"ನಾನು ಕೇಳ್ತೀನಿ ಅಧಿಕಾರಿ ಥರ," ಎಂದಳು ನೆಸ್ಟ್. "ಅಪ್ಪಾ, ನೀನು ದಿನಾ..."

"ಅದನ್ನ ಅವರು ಕೇಳಲ್ಲ," ಅಂದ ಇದ್ವಾಲ್, ಅವಳು ಏನು ಕೇಳುತ್ತಾಳೆಂದು ತಿಳಿಯುವ ಮೊದಲೇ. ಬಿಸಿ ಕೇಕೊಂದನ್ನು ಅವಳ ಬಾಯಿಗೆ ಹಿಡಿದ.

ಇಷ್ಟಕ್ಕೇ ನಿಂತಿದ್ದರೆ ಈ ಕಥೆ ನಡೆಯುತ್ತಿರಲಿಲ್ಲ. ಆದರೆ ಮಂಗಳವಾರ ಬೆಳಿಗ್ಗೆ ಇದ್ವಾಲ್‌ಗೆ ಒಂದು ಯೋಚನೆ ಹೊಳೆಯಿತು. ಅವನಿಗೆ ಯೋಚನೆ ಹೊಳೆಯುವುದು ಅಪರೂಪ, ಹೊಳೆದರೆ ಮನೆಯವರು ಹುಷಾರಾಗಿರಬೇಕು. ಅಧಿಕಾರಿ ಮೊದಲು ನೋಡುವುದು ಮನುಷ್ಯ ಅಚ್ಚುಕಟ್ಟಾಗಿದ್ದಾನೋ ಇಲ್ಲವೋ ಎಂದು. ಅಚ್ಚುಕಟ್ಟಾದ ಮನುಷ್ಯನ ಸಲಕರಣೆ ಕೊಠಡಿಯಲ್ಲಿ ಕಂಡವರ ಸಾಮಾನು ಇರುತ್ತದೆಯೇ? ಬಾಗಿಲು ತೆರೆದು ನೋಡಿದರೆ ತನ್ನ ಕೊಠಡಿಯಲ್ಲಿ ತನ್ನದೆನ್ನುವುದು ಒಂದು ಮುರಿದ ಬುಟ್ಟಿ ಮಾತ್ರ. ಏಣಿ ನೆರೆಯ ರೈತ ಹೆಫಿನ್‌ನದು, ಅದನ್ನು ತಂದದ್ದು ಇಬ್ಬರ ಅಪ್ಪಂದಿರ ಕಾಲದಲ್ಲಿ. ಬೇಲಿ ಗೂಟ ಹೊಡೆಯುವ ಸುತ್ತಿಗೆಯೂ ಅವನದೇ. ಕಡುಬಿನ ದೊಡ್ಡ ತಟ್ಟೆ ವಿಧವೆ ಡಿಲಿಸ್‌ಳದು. ಚಹಾ ಕಾಯಿಸುವ ಹಿತ್ತಾಳೆ ಹಂಡೆ ಚರ್ಚಿನದು.

ಇದ್ವಾಲ್ ಎಲ್ಲವನ್ನೂ ತೊಳೆದು, ಒರೆಸಿ, ನಾಲ್ಕು ಚಕ್ರದ ಬೈಕಿನ ಹಿಂದಿನ ಗಾಡಿಗೆ ಏರಿಸಿ, ಮಗಳನ್ನು ಹಂಡೆಯ ಪಕ್ಕ ಕೂರಿಸಿಕೊಂಡು, ಒಂದೊಂದು ಮನೆಗೂ ಹೋಗಿ ವಾಪಸ್ ಕೊಟ್ಟು ಬಂದ.

ಆ ಕಣಿವೆಯಲ್ಲಿ ಯಾರೂ ಹಾಗೆ ಮಾಡುವುದಿಲ್ಲ. ಎರವಲು ತಂದದ್ದು ತಂದವನ ಮನೆಯಲ್ಲೇ ಇರುತ್ತದೆ. ಬೇಕಾದಾಗ ಕೊಟ್ಟವನೇ ಬಂದು, ಚಹಾ ಕುಡಿದು, ಕೆಲಸ ಮುಗಿಸಿ, ಅಲ್ಲೇ ಇಟ್ಟು ಹೋಗುತ್ತಾನೆ. ವಾಪಸ್ ಕೊಡಿ ಎಂದು ಕೇಳುವುದು ಅವಮರ್ಯಾದೆ. ಸಾಮಾನು ತಾನಾಗಿ ಮರಳಿ ಬರುವುದು ಒಂದೇ ಸಂದರ್ಭದಲ್ಲಿ, ಮನೆಯ ಯಜಮಾನ ಮಣ್ಣಿಗೆ ಹೋದ ವಾರ. ಹೆಂಡತಿ ಕಪ್ಪು ಕೋಟು ಹಾಕಿಕೊಂಡು ಬಾಗಿಲಿಗೆ ತಂದಿಡುತ್ತಾಳೆ. ಸತ್ತವರ ಹೆಂಡತಿ ತರುವುದನ್ನು ಜೀವಂತ ಮನುಷ್ಯ ತಾನೇ, ಅದೂ ಉಜ್ಜಿ ಹೊಳಪಿಟ್ಟು, ಸಿಳ್ಳೆ ಹಾಕುತ್ತ ತಂದಿಟ್ಟದ್ದನ್ನು ಅಲ್ಲಿ ಯಾರೂ ಕಂಡಿರಲಿಲ್ಲ.

ಮೊದಲ ಫೋನು ಡಿಲಿಸ್‌ಳದು.

"ಎಲೆರಿ, ಅವನು ನನ್ನ ತಟ್ಟೆ ತಂದ್ಕೊಟ್ಟ."

"ಹೌದಾ."

"ತೊಳೆದಿದ್ದಾನೆ ಕಣೇ." ಡಿಲಿಸ್‌ಳ ದನಿ ಒಡೆಯಿತು. "ನಮ್ಮ ಯಜಮಾನರು ಹೋದಾಗ ನಿಮ್ಮತ್ತೆ ಮನೆಗೆ ಗರಗಸ ತಂದಿಟ್ಟಿದ್ದು ನಾನೇ. ನಂಗೆ ಗೊತ್ತಾಗಲ್ವಾ? ಈ ವರ್ಷ ನಿಮಗೆ ಆಗಿದ್ದೇನು ಕಡಿಮೆನಾ. ಬಂದೂಕು ಮನೇಲೇ ಇದೆಯಾ?"

ಎಲೆರಿಯ ಕೈಯಲ್ಲಿದ್ದ ಬಟ್ಟೆಯ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಅವಳೂ ಆ ಕಣಿವೆಯಲ್ಲೇ ಹುಟ್ಟಿದವಳು. "ಗುರುವಾರ ಅಧಿಕಾರಿ ಬರ್ತಾರೆ ಡಿಲಿಸಮ್ಮ, ಮನೆ ಅಚ್ಚುಕಟ್ಟಾಗಿರಲಿ ಅಂತ ಅಷ್ಟೆ," ಎಂದಳು.

"ಹೌದೌದು," ಎಂದಳು ಡಿಲಿಸ್, ಒಂದಕ್ಷರವನ್ನೂ ನಂಬದೆ. "ಅಚ್ಚುಕಟ್ಟು."

ಎಲೆರಿ ಅಂಗಳಕ್ಕೆ ಹೋದಳು. ಇದ್ವಾಲ್ ಖಾಲಿ ಕೊಠಡಿಯ ನೆಲ ಗುಡಿಸುತ್ತಿದ್ದ.

"ಯಾಕೆ ಎಲ್ಲಾ ಕೊಟ್ಟು ಬಂದೆ?"

"ಅಚ್ಚುಕಟ್ಟಾಗಿ ಕಾಣ್ಲಿ ಅಂತ. ನೋಡು, ನೆಲ ಕಾಣ್ತಿದೆ. ಇಲ್ಲಿ ನೆಲ ಇದೆ ಅಂತಾನೇ ಗೊತ್ತಿರಲಿಲ್ಲ."

ಅವಳು ಅವನ ಕಣ್ಣನ್ನೇ ನೋಡಿದಳು. ಸುಳ್ಳು ಕಾಣಲಿಲ್ಲ. ನಿದ್ದೆಯೂ ಕಾಣಲಿಲ್ಲ.

ಮಧ್ಯಾಹ್ನ ಹೆಫಿನ್ ಬಂದ. ಆಳು ಬಾಗಿಲಿನಷ್ಟು ಅಗಲ, ಗುಟ್ಟು ಇಟ್ಟುಕೊಳ್ಳುವುದರಲ್ಲಿ ಕೋಳಿಮರಿಯಷ್ಟೂ ಶಕ್ತಿಯಿಲ್ಲ.

"ಸುಮ್ನೆ ಬಂದೆ," ಅಂದ. "ಈ ಕಡೆ ಬಂದಿದ್ದೆ."

"ಈ ಕಡೆ ಏನಿದೆ, ನಮ್ಮನೆ ಒಂದೇ ಅಲ್ವಾ ಇರೋದು," ಅಂದ ಇದ್ವಾಲ್.

"ಅದಕ್ಕೇ ಬಂದೆ." ಹೆಫಿನ್ ಟೋಪಿ ತೆಗೆದು, ಹಾಕಿ, ಮತ್ತೆ ತೆಗೆದ. "ನರಿ ಕಾಟ ಮಾರಾಯ. ನಿನ್ನ ಬಂದೂಕು ಎರಡು ದಿನ ಕೊಡು."

"ನಿನ್ ಹತ್ರಾನೇ ಎರಡಿದೆಯಲ್ಲೋ."

"ಅವಕ್ಕೆ... ಶೀತ ಆಗಿದೆ."

"ಬಂದೂಕಿಗಾ?"

"ಗೋಡೆಗೆ. ಗೋಡೆಗೆ ಶೀತ ಹಿಡಿದು ಬಂದೂಕಿಗೂ ಬಂದಿದೆ. ಕೊಡೋ ಸುಮ್ನೆ."

ಗುರುವಾರ ಅಧಿಕಾರಿ ಬಂದಾಗ ಬೀರಿನಲ್ಲಿ ಬಂದೂಕೇ ಇಲ್ಲದಿದ್ದರೆ ತನ್ನ ಗತಿ ಏನು ಎಂದು ಇದ್ವಾಲ್ ಬೆವತ. "ಆಗಲ್ಲ. ಈ ವಾರ ನಂಗೇ ಬೇಕು," ಅಂದ.

ಹೆಫಿನ್ ಎಲೆರಿಯ ಕಡೆ ತಿರುಗಿ ನೋಡಿದ ನೋಟಕ್ಕೆ ಅವಳು ಒಲೆಯ ಕಡೆ ಮುಖ ತಿರುಗಿಸಬೇಕಾಯಿತು. ಅಂಥ ದೊಡ್ಡ ಗಂಡಸಿನ ತುಟಿ ಮಗುವಿನದರಂತೆ ನಡುಗುತ್ತಿತ್ತು.

ನೆಸ್ಟ್ ಮೇಜಿನ ಕೆಳಗಿನಿಂದ ತಲೆ ಹೊರಹಾಕಿದಳು. "ಹೆಫಿನ್ ಮಾಮ, ನಾನೊಂದು ವಿಷಯ..."

"ಆಮೇಲೆ ಚಿನ್ನ," ಅಂದರು ಮೂವರೂ ಒಟ್ಟಿಗೆ.

ಆ ಸಂಜೆ ಚರ್ಚಿನಲ್ಲಿ ಭಜನೆಯ ಅಭ್ಯಾಸವೆಂದು ಸೇರಿದವರು ಒಂದು ಭಜನೆಯನ್ನೂ ಹಾಡಲಿಲ್ಲವಂತೆ. ಏನು ತೀರ್ಮಾನವಾಯಿತೋ ಎಲೆರಿಗೆ ಬುಧವಾರ ಕಾಣಿಸಿತು. ಇದ್ವಾಲ್‌ನನ್ನು ಕೂರಿಸಿ ಕೇಳೋಣವೆಂದು ಒಬ್ಬರಿಗೂ ತೋಚಿರಲಿಲ್ಲ. ಆ ಕಣಿವೆಯ ಜನಕ್ಕೆ ಅದಕ್ಕೆ ಬಾಯಿಲ್ಲ. ಅವರಿಗೆ ಗೊತ್ತಿದ್ದದ್ದು ಒಂದೇ: ಕೈಯಲ್ಲಿ ಬೇರೆಯವರ ಸಾಮಾನಿರುವ ಮನುಷ್ಯ ಎಲ್ಲಿಗೂ ಹೋಗುವ ಹಾಗಿಲ್ಲ.

ಬೆಳಗಾಗುತ್ತಲೇ ಹೆಫಿನ್ ಏಣಿಯನ್ನು ಹೆಗಲಮೇಲೆ ಹೊತ್ತು ಬಂದ. ಹಿಂದೆಯೇ ಅದಕ್ಕಿಂತ ಉದ್ದದ ಇನ್ನೊಂದು ಏಣಿ, ಗರಗಸದ ಯಂತ್ರ, ಕೈಗಾಡಿ. ಕೊನೆಗೆ ಹಗ್ಗದ ತುದಿಯಲ್ಲಿ ಒಂದು ಟಗರು.

"ಇದೆಲ್ಲಾ ಏನೋ?"

"ಇಟ್ಕೊ. ನಮ್ಮಲ್ಲಿ ಜಾಗ ಇಲ್ಲ."

"ಟಗರಿಗೂ ಜಾಗ ಇಲ್ವಾ? ನಿನಗೆ ಇಡೀ ಗುಡ್ಡ ಇದೆ."

"ಇವನಿಗೆ ಇಲ್ಲಿಂದ ಕಾಣೋ ನೋಟ ಬೇಕಂತೆ. ಅಕ್ಟೋಬರ್‌ವರೆಗೂ ನೋಡ್ಕೊ. ಅಕ್ಟೋಬರ್‌ನಲ್ಲಿ ನಾನೇ ಬಂದು ನಿನ್ನ ಕೈಯಿಂದಾನೇ ತಗೋಬೇಕು. ಬೇರೆ ಯಾರ ಕೈಯಿಂದಾನೂ ತಗೊಳ್ಳಲ್ಲ, ಹೇಳಿರ್ತೀನಿ."

ಡಿಲಿಸ್ ತಟ್ಟೆಯ ತುಂಬ ಮಾಂಸದ ಕಡುಬು ತಂದಳು. "ತಟ್ಟೆ ಕ್ರಿಸ್ಮಸ್‌ಗೆ ಕೊಟ್ರೆ ಸಾಕು. ಮುಂದಿನ ಕ್ರಿಸ್ಮಸ್ ಅಲ್ಲ, ಅದರ ಮುಂದಿಂದು." ಪಾದ್ರಿ ಅಲೆಡ್ ಹಿತ್ತಾಳೆ ಹಂಡೆಯನ್ನು ತಬ್ಬಿಕೊಂಡು ಬೆವರುತ್ತ ಬಂದರು. ಅವರ ಹಿಂದೆ ಕಾರಿನಲ್ಲಿ ಚರ್ಚಿನ ಹಾರ್ಮೋನಿಯಂ ಪೆಟ್ಟಿಗೆ.

"ನಂಗೆ ಬಾರಿಸೋಕೆ ಬರಲ್ಲ ಪಾದ್ರಿಗಳೇ," ಅಂದ ಇದ್ವಾಲ್.

"ಕಲಿ. ನಿಧಾನಕ್ಕೆ ಕಲಿ. ಹತ್ತು ವರ್ಷ ಆಗಲಿ," ಎಂದರು ಪಾದ್ರಿ. ಅವನ ಭುಜವನ್ನು ಎಷ್ಟು ಗಟ್ಟಿಯಾಗಿ ಹಿಡಿದರೆಂದರೆ ಇದ್ವಾಲ್ ಆ ಸಂಜೆ ಮುಲಾಮು ಹಚ್ಚಿಕೊಂಡ.

ಇದ್ವಾಲ್‌ಗೆ ಜನರ ಬುದ್ಧಿಯ ಬಗ್ಗೆಯೇ ಅನುಮಾನ ಬಂತು. "ಎಲೆರಿ, ಈ ಊರಿಗೆ ಏನೋ ಆಗಿದೆ. ಎಲ್ಲರಿಗೂ ಒಂದು ಸಲ ಡಾಕ್ಟರ್ ಹತ್ರ ತೋರಿಸ್ಬೇಕು," ಅಂದ. ಸುತ್ತ ನೋಡಿದ. ಗುಡಿಸಿದ ನೆಲ ಮತ್ತೆ ಕಾಣದಂತಾಗಿತ್ತು. ಎಲ್ಲವನ್ನೂ ವಾಪಸ್ ಸಾಗಿಸಲು ಗಾಡಿಗೆ ಕೈಹಾಕಿದಾಗ ಎಲೆರಿ ಅವನ ತೋಳು ಹಿಡಿದಳು. "ಬೇಡ. ಇರಲಿ," ಎಂದಳು. ಅವಳ ದನಿಯಲ್ಲಿ ಏನಿತ್ತೋ, ಅವನು ಕೈಬಿಟ್ಟ.

ಗುರುವಾರ ಅಧಿಕಾರಿ ಮಿಸೆಸ್ ಪ್ರೋಬರ್ಟ್ ಬಂದರು. ಪೊಲೀಸ್ ಸಮವಸ್ತ್ರವಿಲ್ಲ, ಹಸಿರು ಉಣ್ಣೆಯ ಕೋಟು, ಕೆಸರಿಗೆ ಸರಿಯಾದ ಬೂಟು. ಕಾರು ನಿಲ್ಲಿಸಲು ಜಾಗ ಸಿಗದೆ ಗೇಟಿನ ಹೊರಗೇ ಬಿಟ್ಟು, ಎರಡು ಏಣಿ, ಒಂದು ಹಾರ್ಮೋನಿಯಂ ದಾಟಿ, ಇದ್ವಾಲ್‌ನ ಕಾಲುಚೀಲ ಅಗಿಯುತ್ತಿದ್ದ ಟಗರನ್ನು ಸುತ್ತುಹಾಕಿ ಬಾಗಿಲಿಗೆ ಬಂದರು.

"ಇವತ್ತು ಇಲ್ಲಿ ಹರಾಜಿದೆಯಾ?"

"ಇಲ್ಲ ಮೇಡಂ," ಅಂದ ಇದ್ವಾಲ್. "ಅಚ್ಚುಕಟ್ಟು ಮಾಡ್ತಿದ್ದೆ."

ಉಕ್ಕಿನ ಬೀರನ್ನು ನೋಡಿದರು, ಗೋಡೆಗೆ ಭದ್ರವಾಗಿದೆಯೇ ಎಂದು ಅಲುಗಿಸಿದರು, ಬಂದೂಕಿನ ಮೇಲಿನ ಸಂಖ್ಯೆ ಲೈಸೆನ್ಸಿಗೆ ಸರಿಹೋಯಿತು. ಅಡುಗೆಮನೆಗೆ ಬಂದಾಗ ಮೇಜಿನ ಸುತ್ತ ಹೆಫಿನ್, ಡಿಲಿಸ್, ಪಾದ್ರಿ ಕುಳಿತು ಚಹಾ ಕುಡಿಯುತ್ತಿದ್ದರು. ಮೂವರೂ ಈ ಕಡೆ ಸುಮ್ಮನೆ ಬಂದವರು. ಇದ್ವಾಲ್ ಇವರನ್ನು ಕಳಿಸಬೇಕೆಂದು ಹೆಂಡತಿಗೆ ಕಣ್ಸನ್ನೆ ಮಾಡಿದ. ಎಲೆರಿ ಇನ್ನೊಂದು ಬಟ್ಟಲು ತಂದಿಟ್ಟಳು.

"ಇವರೆಲ್ಲ ಇಲ್ಲೇ ಇರಬಹುದಾ?" ಕೇಳಿದರು ಮಿಸೆಸ್ ಪ್ರೋಬರ್ಟ್.

"ಪರವಾಗಿಲ್ಲ," ಅಂದ ಇದ್ವಾಲ್, ಬೇರೆ ಪದ ಬಾಯಿಗೆ ಬರದೆ.

"ಹೋದ ಸಲ ಬಂದ ಮೇಲೆ ಏನಾದ್ರೂ ಬದಲಾವಣೆ? ಕೆಲಸ, ಆರೋಗ್ಯ, ಮನೆ ಕಡೆ ತೊಂದರೆ?"

"ಏನಿಲ್ಲ."

"ಹಸುಗಳು ಹೋದವು ಅಂತ ಕೇಳಿದೆ."

"ಹೋದವು. ಪರವಾಗಿಲ್ಲ."

"ನಿದ್ದೆ ಹೇಗಿದೆ?"

ಇದ್ವಾಲ್ ಎದೆ ಉಬ್ಬಿಸಿದ. ತಾಲೀಮಿನ ಮಾತು ಮರೆತುಹೋಯಿತು. ಅವನ ಬಾಯಿ ತೆರೆದದ್ದು ತೆರೆದೇ ಇತ್ತು. ಇದನ್ನು ಕಂಡು ಹೆಫಿನ್ ಸ್ನೇಹಧರ್ಮಕ್ಕೆ ಧುಮುಕಿದ.

"ನಿದ್ದೆನಾ? ಇವನಾ? ಎಮ್ಮೆ ಥರ ಮಲಗ್ತಾನೆ ಮೇಡಂ."

"ಹೌದು, ಚರ್ಚಿನಲ್ಲೂ," ಎಂದರು ಪಾದ್ರಿ. "ನನ್ನ ಪ್ರವಚನ ಪೂರ್ತಿ ಕೇಳಿದ ದಾಖಲೆಯೇ ಇಲ್ಲ."

"ಗೊರಕೆ ನಮ್ಮನೆಗೆ ಕೇಳುತ್ತೆ," ಎಂದಳು ಡಿಲಿಸ್. ಅವಳ ಮನೆ ನದಿಯ ಆಚೆ ದಡದಲ್ಲಿತ್ತು.

ಮಿಸೆಸ್ ಪ್ರೋಬರ್ಟ್ ಎಲ್ಲರನ್ನೂ ಒಬ್ಬೊಬ್ಬರಾಗಿ ನೋಡಿದರು. ಕಾವಲಿ ಕೇಕೊಂದನ್ನು ಎರಡಾಗಿ ಮುರಿದು, ತಿನ್ನದೆ, ತಟ್ಟೆಯಲ್ಲಿಟ್ಟರು. "ನಮ್ಮ ಕಚೇರಿಯ ಹಿಂದಿನ ಕೋಣೇಲಿ ಒಂದಷ್ಟು ಬಂದೂಕುಗಳಿವೆ," ಎಂದರು. "ನನಗೆ ಆಗ್ತಿಲ್ಲ, ಸ್ವಲ್ಪ ದಿನ ಇಟ್ಕೊಳ್ಳಿ ಅಂತ ತಾವಾಗಿ ಹೇಳಿ ಬಿಟ್ಟು ಹೋದವರದು. ಡಾಕ್ಟರಿಗೆ ತೋರಿಸ್ತಾರೆ, ಸರಿಯಾಗ್ತಾರೆ, ಬಂದು ತಗೊಂಡು ಹೋಗ್ತಾರೆ. ಕೆಲವರು ನೆರೆಯವರ ಬೀರಲ್ಲಿ ಇಡ್ತಾರೆ, ಅವರಿಗೂ ಲೈಸೆನ್ಸ್ ಇದ್ರೆ. ನಾನು ಬರ್ಕೋತೀನಿ, ಅಷ್ಟೆ." ಚಹಾ ಒಂದು ಗುಟುಕು ಕುಡಿದರು. "ತಗೊಂಡು ಹೋಗೋಕೆ ಯಾರೂ ಉಳಿಯದೆ ಧೂಳು ಹಿಡಿದಿರೋವೂ ಇವೆ. ಅವು ನಿದ್ದೆ ಚೆನ್ನಾಗಿ ಬರುತ್ತೆ ಅಂದವರದು."

ಹೊರಗೆ ಟಗರು ಹಾರ್ಮೋನಿಯಂಗೆ ಒಮ್ಮೆ ಗುದ್ದಿತು, ಅದು ನರಳಿತು.

ಇದ್ವಾಲ್ ಕಿಟಕಿಯಾಚೆ ನೋಡಿದ. ಎರಡು ಏಣಿಗಳು ಗೋಡೆಗೊರಗಿದ್ದವು. ಕೈಗಾಡಿ, ಗರಗಸ, ಹಂಡೆ. ಹೆಫಿನ್ ಟೋಪಿಯನ್ನು ತೊಡೆಯ ಮೇಲೆ ಹಿಂಡುತ್ತಿದ್ದ. ಡಿಲಿಸ್ ತಟ್ಟೆಯ ಅಂಚನ್ನು ಹಿಡಿದು ಕುಳಿತಿದ್ದಳು. ಯಾರ ಸಾಮಾನು ಯಾಕೆ ಮರಳಿ ಬರುತ್ತದೆಂಬುದು ಇದ್ವಾಲ್‌ಗೆ ತಿಳಿಯದ್ದೇನಲ್ಲ, ಅವನ ಅಮ್ಮನೂ ಒಂದು ವಾರ ಕಪ್ಪು ಕೋಟು ಹಾಕಿ ಬಾಗಿಲು ಬಾಗಿಲಿಗೆ ಅಲೆದಿದ್ದಳು. ಅದು ಈಗ, ಎರಡು ದಿನ ತಡವಾಗಿ, ಅವನ ತಲೆಗೆ ಇಳಿಯಿತು. ಅವನು ಕತ್ತಿನವರೆಗೂ ಕೆಂಪಾದ.

"ಛೆ, ಹೆಫಿನ್," ಅಂದ. "ನೀನು ನಾನು..."

"ನಾನೇನೂ ಅಂದ್ಕೊಂಡಿಲ್ಲ," ಅಂದ ಹೆಫಿನ್ ಗೋಡೆ ನೋಡುತ್ತ.

ಇದ್ವಾಲ್ ಅಂಗಿಯೊಳಗಿಂದ ಬೀರಿನ ಬೀಗದಕೈ ತೆಗೆದು ಮೇಜಿನ ಮೇಲಿಟ್ಟ. ಅದನ್ನು ಬೆರಳಿಂದ ಒಂದಿಷ್ಟು ದೂರ, ಮಿಸೆಸ್ ಪ್ರೋಬರ್ಟ್‌ರ ಬಟ್ಟಲಿನ ಕಡೆಗೆ ನೂಕಿದ.

"ಬಂದೂಕು ಹೆಫಿನ್ ಬೀರಲ್ಲಿರಲಿ ಮೇಡಂ. ಶೀತ ವಾಸಿಯಾಗಿದ್ರೆ."

"ಎರವಲು ತಾನೆ?" ಹೆಫಿನ್ ಟೋಪಿಯನ್ನು ತಲೆಗೆ ಹಾಕಿಕೊಂಡ. "ಎರವಲು ಕೊಟ್ಟಿದ್ದು ವಾಪಸ್ ಬರಲ್ಲ ಕಣೋ ಇಲ್ಲಿ. ಬಾಯಿಬಿಟ್ಟು ಕೇಳಬೇಕು."

"ಕೇಳ್ತೀನಿ," ಅಂದ ಇದ್ವಾಲ್.

ಎಲೆರಿ ಒಲೆಯ ಪಕ್ಕದ ಸರಳಿಗೆ ಹಾಕಿದ್ದ ಒದ್ದೆ ಬಟ್ಟೆಯನ್ನು ತೆಗೆದಳು, ಮಡಿಸಿದಳು, ಮತ್ತೆ ಅಲ್ಲೇ ಹಾಕಿದಳು. ಬಾಗಿಲ ಬಳಿ ನೆಸ್ಟ್ ನಾಯಿಯ ಕೊರಳು ತಬ್ಬಿಕೊಂಡು ನಿಂತಿದ್ದಳು. ಸೋಮವಾರದಿಂದ ಎಲ್ಲರೂ ಅವಳ ಬಾಯಿಗೆ ಏನಾದರೊಂದು ಹಿಡಿದಿದ್ದರು. ಅವಳು ಏನು ಕೇಳಬಹುದೆಂದು ಎಲೆರಿಗೆ ಗೊತ್ತಿತ್ತು, ಗೊತ್ತಿದೆಯೆಂದು ಅಂದುಕೊಂಡಿದ್ದಳು. ಮೆಟ್ಟಿಲ ಪಕ್ಕದ ಕೋಣೆ ಮಗಳದು. ಆ ಹೆಜ್ಜೆಗಳನ್ನು ಎಣಿಸುತ್ತ ಎಚ್ಚರವಿದ್ದವಳು ತಾನೊಬ್ಬಳೇ ಅಲ್ಲವೆಂದು ಎಲೆರಿಗೆ ಆಗ ಹೊಳೆಯಿತು.

ಇದ್ವಾಲ್ ಕುರ್ಚಿಯನ್ನು ಮಗಳ ಕಡೆ ತಿರುಗಿಸಿದ. ಏಳಲು ಹೊರಟಿದ್ದ ಮಿಸೆಸ್ ಪ್ರೋಬರ್ಟ್ ಮತ್ತೆ ಕುಳಿತರು.

"ಗುರುವಾರ ಬಂತಲ್ಲ ಪುಟ್ಟಿ," ಅಂದ. "ಕೇಳು. ಎಲ್ಲರ ಮುಂದೇನೇ ಕೇಳು."

ನೆಸ್ಟ್ ಎಲ್ಲರನ್ನೂ ಒಮ್ಮೆ ನೋಡಿದಳು. ಮತ್ತೆ ಯಾರಾದರೂ ಕೇಕು ತರುತ್ತಾರೇನೋ ಎಂದು ಸ್ವಲ್ಪ ಕಾದಳು. ಯಾರೂ ಅಲುಗಲಿಲ್ಲ.

"ಇನ್ನೂ ಕತ್ತಲೆ ಇರುವಾಗ್ಲೇ ನೀನು ದಿನಾ ಹೋಗಿ, ಖಾಲಿ ಕೊಟ್ಟಿಗೆ ಬಾಗಿಲು ತೆಗೆದು, ಸೆರೆನ್ ಬಾ, ಬ್ಲೋಡ್ವೆನ್ ಬಾ, ಪೆನ್‌ವೆನ್ ಬಾ ಅಂತ ಒಂದೊಂದೇ ಹೆಸರು ಕರೀತೀಯಲ್ಲ ಅಪ್ಪಾ," ಎಂದಳು. "ನಂಗೂ ಎಲ್ಲಾ ಹಸುಗಳ ಹೆಸರು ಗೊತ್ತು. ನನ್ನನ್ನ ಯಾಕೆ ಎಬ್ಬಿಸಲ್ಲ?"